'ಔಷಧ ಮಾಲಿನ್ಯ' ಅಂದರೆ ಕೆಟ್ಟಿದ್ದು ಯಾವುದು, ಔಷಧವೋ ನೀರೋ?

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಹಳೇ ಮಾತ್ರೆ ಹಾಕಲು ಒಂದು ಡಬ್ಬ ಇಡುತ್ತಿದ್ದಾರೆ. ಔಷಧಿ ನಮ್ಮ ಸುತ್ತಲಿನ ನೀರು ಸೇರಿ ಕೆಡಿಸುವುದರ ಬಗ್ಗೆ ಅದರ ಜೊತೆ ಹಂಚುವ ಕರಪತ್ರ ಬರೆಯುವ ಕೆಲಸ ನನ್ನದು. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ.

'ಔಷಧ ಮಾಲಿನ್ಯ ತಡೆಯೋಣ' ಎಂದು ಬರೆದು ಮಾವನಿಗೆ ತೋರಿಸಿದೆ. "ತೋಟಕ್ಕೆ ಔಷಧಿ ಹೊಡೀಬಾರದು ಅಂತಲಾ?" ಎಂದರು. ಅಡಿಕೆ ಬೆಳೆಯುವವರು. ಮೈಲುತುತ್ತ, ಸುಣ್ಣ ಕಲಸಿ ಗೊನೆಗೆ ಹೊಡೆಯುವ ಬೋರ್ಡೋ ಅವರಿಗೆ ಮೊದಲು ನೆನಪಾಗುವ ಔಷಧಿ. ಅತ್ತೆ ಅದನ್ನೇ ಓದಿ, ಕಲಬೆರಕೆ ಔಷಧಿ ಬಂದಿದೆಯಾ ಎಂದು ಗಾಬರಿಯಾದರು. ಇಬ್ಬರದೂ ತಪ್ಪಲ್ಲ. ಜಲಮಾಲಿನ್ಯದಲ್ಲಿ ಕೆಡುವುದು ಜಲ. ಶಬ್ದಮಾಲಿನ್ಯದಲ್ಲಿ ಕೆಡಿಸುವುದು ಶಬ್ದ. ಈ ಸಮಾಸ ಎರಡೂ ಕಡೆ ವಾಲುತ್ತದೆ.

'ಔಷಧ ತ್ಯಾಜ್ಯ' ಎನ್ನಬಹುದು. ಡಬ್ಬಕ್ಕೆ ಅದು ಸಾಕು, ವಿಷಯಕ್ಕೆ ಸಾಲದು. ನುಂಗಿದ ಮಾತ್ರೆಯ ಒಂದಿಷ್ಟು ಪಾಲು ಮೂತ್ರದಲ್ಲಿ ಹೊರಬಂದು ಚರಂಡಿ ಸೇರುತ್ತದೆ. ಅದನ್ನು ಯಾರೂ ಎಸೆದಿಲ್ಲ ಅಲ್ವಾ? ದನಗಳಿಗೆ ಚುಚ್ಚಿದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದಿತ್ತು. ಅದನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಲುಸಾಲಾಗಿ ಸತ್ತವು. 2006ರಲ್ಲಿ ದನಗಳಿಗೆ ಅದನ್ನು ಕೊಡದಂತೆ ನಮ್ಮ ದೇಶದಲ್ಲಿ ನಿಷೇಧ ಬಂತು. ಇಲ್ಲಿ ತ್ಯಾಜ್ಯ ಯಾವುದು? ಇನ್ನು ಔಷಧಿ ಕಾರ್ಖಾನೆಗಳ ಕೊಳೆನೀರು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಶುದ್ಧೀಕರಣ ಘಟಕದಿಂದ ಹೊರಬಿಟ್ಟ ಒಂದು ಲೀಟರ್ ನೀರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಸಿಕ್ಕಿತ್ತು. 2007ರಲ್ಲಿ ಪ್ರಕಟವಾದ ಲೆಕ್ಕ ಇದು. ಶುದ್ಧ ಮಾಡಿದ ಮೇಲೂ ಅಷ್ಟಿತ್ತು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಹಾಗಾಗಿ ನೀರಿನಲ್ಲೋ ಮಾಂಸದಲ್ಲೋ ಉಳಿಯುವುದಕ್ಕೆ ಒಂದು ಹೆಸರು ಬೇಕು. 'ಶೇಷ' ಪುಸ್ತಕದ ಮಾತಾಯಿತು. 'ಮಾತ್ರೆಯ ಉಳಿಕೆ' ಎಂದರೆ ಸ್ಟ್ರಿಪ್ಪಿನಲ್ಲಿ ಉಳಿದ ಎರಡು ಮಾತ್ರೆ ಕಣ್ಣಿಗೆ ಬರುತ್ತದೆ. 'ನೀರಲ್ಲಿ ಔಷಧಿ ಅಂಶ ಇದೆ' ಎಂದರೆ ಮಾತ್ರ ಎಲ್ಲರಿಗೂ ತಟ್ಟನೆ ತಿಳಿಯಿತು. ಸದ್ಯಕ್ಕೆ 'ನೀರು ಸೇರುವ ಔಷಧಿ ಅಂಶ' ಎಂದು ಇಟ್ಟುಕೊಂಡಿದ್ದೇನೆ. ಉದ್ದ ಜಾಸ್ತಿ, ಆದರೆ ಗೊಂದಲ ಇಲ್ಲ.

ಡಬ್ಬದ ಮೇಲೆ 'ಅವಧಿ ಮೀರಿದ' ಬೇಡ, 'ಡೇಟ್ ಮುಗಿದ ಮಾತ್ರೆ ಇಲ್ಲಿ ಹಾಕಿ' ಎಂದೇ ಬರೆಸುವ ಆಸೆ. ಅಂಗಡಿಗೆ ಬರುವವರು ಆಡುವುದು ಹಾಗೆಯೇ.

ನಿಮ್ಮ ಕಡೆ ಇವಕ್ಕೆ ಏನಂತಾರೆ? 'ಮದ್ದು' ಎನ್ನುವ ಊರುಗಳಲ್ಲಿ 'ಮದ್ದಿನ ಅಂಶ' ಎಂದರೆ ಮಾತ್ರೆ ನೆನಪಾಗುತ್ತದೋ, ತೋಟಕ್ಕೆ ಹೊಡೆಯುವುದೋ?