ಆಸ್ಕ್, ರಿಕ್ವೆಸ್ಟ್, ಎನ್‌ಕ್ವೈರ್, ಡಿಮ್ಯಾಂಡ್: ಪತ್ರದಲ್ಲಿ ಯಾವುದು ಎಲ್ಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಹಕಾರ ಸಂಘದ ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ಬ್ಯಾಂಕಿಗೆ, ವಿಮಾ ಕಂಪನಿಗೆ, ಸರಕು ಪೂರೈಸುವವರಿಗೆ ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ಒಂದೇ ಕ್ರಿಯಾಪದದ ಬಳಿ ಲೇಖನಿ ನಿಲ್ಲುತ್ತದೆ. ಕನ್ನಡದಲ್ಲಿ ದಾರಿ ಕೇಳುತ್ತೇವೆ, ಸಾಲ ಕೇಳುತ್ತೇವೆ, ಮಗನಿಗೆ ಹೆಣ್ಣು ಕೇಳುತ್ತೇವೆ. ಎಲ್ಲಕ್ಕೂ ‘ಕೇಳು’ ಸಾಕು. ಇಂಗ್ಲಿಷಿನಲ್ಲಿ ಆಸ್ಕ್, ರಿಕ್ವೆಸ್ಟ್, ಎನ್‌ಕ್ವೈರ್, ಡಿಮ್ಯಾಂಡ್ ಎಂದು ಹಲವಿವೆ, ನಿಘಂಟು ನೋಡಿದರೆ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟಿರುತ್ತದೆ. ‘ಆಸ್ಕ್’ ಒರಟು, ಪತ್ರದಲ್ಲಿ ಯಾವಾಗಲೂ ‘ರಿಕ್ವೆಸ್ಟ್’ ಎಂದೇ ಬರೆಯಬೇಕು ಎನ್ನುವುದು ನಮ್ಮ ಕಚೇರಿಯ ಹಿರಿಯರ ಅಭಿಪ್ರಾಯ. ಇದು ಸರಿಯೇ? ‘ರಿಕ್ವೆಸ್ಟ್’ ಆದ ಮೇಲೆ ‘ಫಾರ್’ ಬರಬೇಕೋ ಬಾರದೋ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಓದುಮನೆ

ನಾನು ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ‘ಆಸ್ಕ್’ ಒರಟು ಪದವಲ್ಲ, ಸರಳ ಪದ. ಅದು ಇಂಗ್ಲಿಷಿನ ಅತ್ಯಂತ ಹಳೆಯ, ಮನೆಯ ಪದಗಳಲ್ಲಿ ಒಂದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನದಲ್ಲಿಯೂ ನ್ಯಾಯಾಲಯದಲ್ಲಿಯೂ ಫ್ರೆಂಚ್ ನೆಲೆಯೂರಿತು. ವಾದ ಇಂಗ್ಲಿಷಿನಲ್ಲಿಯೇ ನಡೆಯಬೇಕೆಂಬ ಕಾನೂನು 1362ರಲ್ಲಿ ಬರುವ ಹೊತ್ತಿಗೆ ಆಡಳಿತದ ಮಾತುಗಳಲ್ಲಿ ಫ್ರೆಂಚ್ ಮೂಲದವು ಹೇರಳವಾಗಿ ಸೇರಿಹೋಗಿದ್ದವು. ರಿಕ್ವೆಸ್ಟ್, ಡಿಮ್ಯಾಂಡ್ ಎರಡೂ ಆ ದಾರಿಯಿಂದ ಬಂದವು. ಆದ್ದರಿಂದ ‘ಆಸ್ಕ್’ ಎಂದರೆ ಮನೆಯ ಮಾತಿನ ಹತ್ತಿರ, ‘ರಿಕ್ವೆಸ್ಟ್’ ಎಂದರೆ ಕಚೇರಿಯ ದೂರ ಎಂಬ ಭಾವನೆ ಇಂದಿಗೂ ಉಳಿದಿದೆ. ನಾವು ಮನೆಯಲ್ಲಿ ‘ಕೇಳಿದೆ’ ಎಂದು ಅರ್ಜಿಯಲ್ಲಿ ‘ಕೋರುತ್ತೇನೆ’ ಎನ್ನುವ ಹಾಗೆಯೇ.

ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಇರುವುದು ಪದದ ಆಯ್ಕೆಯಲ್ಲಿ ಅಲ್ಲ, ಅದರ ಸುತ್ತ ವಾಕ್ಯ ಕಟ್ಟುವುದರಲ್ಲಿ. ‘ಆಸ್ಕ್’ ಆದ ಮೇಲೆ ಯಾರನ್ನು ಕೇಳಿದಿರೋ ಅವರ ಹೆಸರು ನೇರವಾಗಿ ಬರುತ್ತದೆ. ‘ಐ ಆಸ್ಕ್ಡ್ ಟು ದಿ ಮ್ಯಾನೇಜರ್’ ಎಂಬುದು ತಪ್ಪು, ‘ಐ ಆಸ್ಕ್ಡ್ ದಿ ಮ್ಯಾನೇಜರ್’ ಸರಿ. ನಾವು ‘ಮ್ಯಾನೇಜರ್ ಹತ್ತಿರ ಕೇಳಿದೆ’ ಎನ್ನುವುದರಿಂದ ಆ ‘ಟು’ ತಾನಾಗಿಯೇ ನುಸುಳುತ್ತದೆ ಎಂದು ನನಗನ್ನಿಸುತ್ತದೆ. ಇನ್ನು ‘ಫಾರ್’ ಸೇರಿದರೆ ಅರ್ಥವೇ ಬದಲಾಗುತ್ತದೆ: ‘ಆಸ್ಕ್ ದಿ ಮ್ಯಾನೇಜರ್’ ಎಂದರೆ ಮ್ಯಾನೇಜರನ್ನು ವಿಚಾರಿಸುವುದು, ‘ಆಸ್ಕ್ ಫಾರ್ ದಿ ಮ್ಯಾನೇಜರ್’ ಎಂದರೆ ಮ್ಯಾನೇಜರನ್ನು ಕಾಣಬೇಕು ಎಂದು ಹೇಳುವುದು. ‘ಆಸ್ಕ್ ಆಫ್ಟರ್’ ಎಂದರೆ ಒಬ್ಬರ ಕ್ಷೇಮಸಮಾಚಾರ ವಿಚಾರಿಸುವುದು. ‘ದೇ ಆಸ್ಕ್ಡ್ ಅಸ್ ಟು ಡಿನ್ನರ್’ ಎಂಬಲ್ಲಿ ಅದೇ ಪದ ಊಟಕ್ಕೆ ಕರೆಯುವ ಪದವಾಗುತ್ತದೆ. ಇಷ್ಟು ಕೆಲಸ ಮಾಡುವ ಪದವನ್ನು ಒರಟು ಎಂದು ದೂರವಿಡುವುದು ನಷ್ಟವೇ ಸರಿ.

‘ರಿಕ್ವೆಸ್ಟ್’ ಕ್ರಿಯಾಪದವಾದಾಗ ‘ಫಾರ್’ ಬೇಡ, ನಾಮಪದವಾದಾಗ ಬೇಕು. ‘ಐ ರಿಕ್ವೆಸ್ಟ್ ಎ ಸ್ಟೇಟ್‌ಮೆಂಟ್’ ಸರಿ, ‘ಮೈ ರಿಕ್ವೆಸ್ಟ್ ಫಾರ್ ಎ ಸ್ಟೇಟ್‌ಮೆಂಟ್’ ಕೂಡ ಸರಿ. ‘ಐ ರಿಕ್ವೆಸ್ಟ್ ಫಾರ್ ಎ ಸ್ಟೇಟ್‌ಮೆಂಟ್’ ಎಂಬುದು ಈ ಎರಡನ್ನೂ ಬೆರೆಸಿದ ರೂಪ. ನಮ್ಮ ದೇಶದ ಕಚೇರಿಗಳಲ್ಲಿ ಅದು ಬಹಳ ಬಳಕೆಯಲ್ಲಿದೆ ನಿಜ, ಆದರೆ ಔಪಚಾರಿಕ ಪತ್ರದಲ್ಲಿ ಬಿಡುವುದೇ ಲೇಸು.

ಧಾರವಾಡದ ವಕೀಲ

ಓದುಮನೆ ಅವರ ಮಾತಿಗೆ ಕಾನೂನಿನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ‘ರಿಕ್ವೆಸ್ಟ್’ ಎಂದರೆ ಕೈಮುಗಿದು ಬೇಡುವುದು ಎಂದು ಅನೇಕರು ತಿಳಿದಿದ್ದಾರೆ, ಹಾಗೇನೂ ಇಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ 6ನೇ ಪ್ರಕರಣದಲ್ಲಿ ಪ್ರಜೆ ಸರ್ಕಾರಿ ಕಚೇರಿಗೆ ಸಲ್ಲಿಸುವುದನ್ನು ಇಂಗ್ಲಿಷ್ ಪಠ್ಯ ‘ರಿಕ್ವೆಸ್ಟ್’ ಎಂದೇ ಕರೆಯುತ್ತದೆ. ಆದರೆ ಅದೇ ಪ್ರಕರಣವು ಮಾಹಿತಿ ಏಕೆ ಬೇಕೆಂದು ಅರ್ಜಿದಾರ ಕಾರಣ ಕೊಡಬೇಕಾಗಿಲ್ಲ ಎನ್ನುತ್ತದೆ, ಅದರ ಮುಂದಿನ ಪ್ರಕರಣ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕೆಂದು ಅಧಿಕಾರಿಯನ್ನು ಕಟ್ಟಿಹಾಕುತ್ತದೆ. ಪದ ಮೃದುವಾಗಿದ್ದರೂ ಅದರ ಹಿಂದಿರುವ ಹಕ್ಕು ಗಟ್ಟಿಯಾಗಿಯೇ ಇರಬಹುದು.

‘ಡಿಮ್ಯಾಂಡ್’ ಮಾತ್ರ ಎಚ್ಚರದಿಂದ ಬಳಸಬೇಕಾದ ಪದ. ಫ್ರೆಂಚಿನಲ್ಲಿ ಅದರ ಮೂಲ ಕ್ರಿಯಾಪದಕ್ಕೆ ಇಂದಿಗೂ ಬರಿಯ ‘ಕೇಳು’ ಎಂಬ ಅರ್ಥವೇ ಇದೆ. ಇಂಗ್ಲಿಷಿಗೆ ಬಂದ ಮೇಲೆ ಅದಕ್ಕೆ ಹಕ್ಕಿನಿಂದ ಕೇಳು, ಒತ್ತಾಯಿಸು ಎಂಬ ಬಲ ಬಂದಿತು. ಚೆಕ್ ಅಮಾನ್ಯವಾದಾಗ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಪ್ರಕರಣದ ಪ್ರಕಾರ, ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಹಣಕ್ಕಾಗಿ ಲಿಖಿತ ನೋಟಿಸು ಕೊಡಬೇಕು. ಅಲ್ಲಿ ಕಾಯ್ದೆ ಬಳಸುವ ಪದ ‘ಡಿಮ್ಯಾಂಡ್’. ಹಣ ಬಾಕಿ ಇದೆ, ಕೊಡದಿದ್ದರೆ ಮುಂದಿನ ಕ್ರಮ ಇದೆ ಎಂಬ ಸ್ಥಿತಿಯಲ್ಲಿ ಮಾತ್ರ ಅದು ಶೋಭಿಸುತ್ತದೆ. ಮಾದರಿ ಕಳುಹಿಸಿ, ದರಪಟ್ಟಿ ಕಳುಹಿಸಿ ಎನ್ನುವ ಪತ್ರದಲ್ಲಿ ಬರೆದರೆ ಓದಿದವರು ನೊಂದುಕೊಳ್ಳುತ್ತಾರೆ.

ಲೀಡ್ಸ್ ಕನ್ನಡಿಗ

ನಾನು ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿರುವುದರಿಂದ ಇಲ್ಲಿಯ ಬಳಕೆಯನ್ನು ತಿಳಿಸುತ್ತೇನೆ. ದರ, ಸಮಯ, ಲಭ್ಯತೆ ಮುಂತಾದ ಸಾಮಾನ್ಯ ಮಾಹಿತಿ ವಿಚಾರಿಸುವುದಕ್ಕೆ ಇಲ್ಲಿ ‘ಎನ್‌ಕ್ವೈರ್’ ಎಂದೂ ಅಧಿಕೃತ ತನಿಖೆಗೆ ‘ಇನ್‌ಕ್ವೈರ್’ ಎಂದೂ ಕಾಗುಣಿತದಲ್ಲಿ ಭೇದ ಮಾಡುವವರು ಬಹಳ ಮಂದಿ ಇದ್ದಾರೆ; ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡಕ್ಕೂ ‘ಇನ್‌ಕ್ವೈರ್’ ಎಂದೇ ಬರೆಯುತ್ತಾರೆ. ಭಾರತದಲ್ಲಿ ವಿಚಾರಣಾ ಆಯೋಗಗಳ 1952ರ ಕಾಯ್ದೆಯ ಹೆಸರಿನಲ್ಲಿ ಇರುವುದೂ ‘ಇನ್‌ಕ್ವೈರಿ’ಯೇ. ನೆನಪಿಡಬೇಕಾದ ಸಂಗತಿಯೆಂದರೆ, ಈ ಪದದಿಂದ ಮಾಹಿತಿಯನ್ನು ಮಾತ್ರ ಕೇಳಬಹುದು, ವಸ್ತುವನ್ನು ಕೇಳಲಾಗದು. ‘ವಿ ಎನ್‌ಕ್ವೈರ್ಡ್ ಅಬೌಟ್ ದಿ ಲೋನ್’ ಎಂದರೆ ಸಾಲದ ವಿವರ ವಿಚಾರಿಸಿದೆವು ಎಂದಷ್ಟೇ ಆಯಿತು, ಸಾಲ ಕೊಡಿ ಎಂದಂತಾಗಲಿಲ್ಲ.

‘ರಿಕ್ವೆಸ್ಟ್’ ಎಂದರೆ ಯಾವಾಗಲೂ ವಿನಯ ಎಂಬ ಹಿರಿಯರ ಮಾತನ್ನು ನಾನು ಒಪ್ಪಲಾರೆ. ‘ಯು ಆರ್ ರಿಕ್ವೆಸ್ಟೆಡ್ ಟು’ ಎಂದು ಆರಂಭವಾಗುವ ವಾಕ್ಯ ಸೂಚನಾಫಲಕದ, ಸುತ್ತೋಲೆಯ ಭಾಷೆ. ಮೇಲಿನಿಂದ ಕೆಳಗೆ ಹೇಳುವ ಆಜ್ಞೆ ಅದರಲ್ಲಿ ಅಡಗಿರುತ್ತದೆ, ಯಾರು ಕೇಳುತ್ತಿದ್ದಾರೆ ಎಂಬುದೇ ಮರೆಯಾಗುತ್ತದೆ. ವಿನಯವಿರುವುದು ಎದುರಿನವರಿಗೆ ಇಲ್ಲವೆನ್ನುವ ಅವಕಾಶ ಬಿಡುವುದರಲ್ಲಿ. ‘ಕುಡ್ ಯು ಪ್ಲೀಸ್ ಸೆಂಡ್ ಅಸ್ ದಿ ಸ್ಟೇಟ್‌ಮೆಂಟ್’ ಎಂದು ಬರೆದರೆ ಈ ನಾಲ್ಕು ಕ್ರಿಯಾಪದಗಳಲ್ಲಿ ಒಂದೂ ಬೇಕಾಗುವುದಿಲ್ಲ, ಆದರೂ ಮಾತು ಮರ್ಯಾದೆಯಿಂದ ತಲುಪುತ್ತದೆ. ‘ಐ ಆಮ್ ರೈಟಿಂಗ್ ಟು ಆಸ್ಕ್’ ಎಂಬ ಆರಂಭ ಇಲ್ಲಿಯ ಬ್ಯಾಂಕು, ಪುರಸಭೆಗಳಿಗೆ ಬರೆಯುವ ಪತ್ರಗಳಲ್ಲಿ ಸಾಮಾನ್ಯ, ಅದನ್ನು ಯಾರೂ ಒರಟೆಂದು ತಿಳಿಯುವುದಿಲ್ಲ.

ತುಂಗಾತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹ. ಮುಂಗಡ ಪಡೆದು ಸರಕು ಕಳುಹಿಸದ ಪೂರೈಕೆದಾರರಿಗೆ ಎರಡು ಪತ್ರ ಬರೆದಾಗಿದೆ. ಮೂರನೆಯದರಲ್ಲಿಯೂ ‘ರಿಕ್ವೆಸ್ಟ್’ ಎಂದೇ ಬರೆಯಬೇಕೆ?

ಧಾರವಾಡದ ವಕೀಲ

ಒಪ್ಪಂದದಲ್ಲಿ ಹೇಳಿದ ದಿನಾಂಕ ಮೀರಿದೆಯೇ ಎಂದು ಮೊದಲು ನೋಡಿಕೊಳ್ಳಿ. ಮೀರಿಲ್ಲದಿದ್ದರೆ ‘ರಿಕ್ವೆಸ್ಟ್’ ಸಾಕು. ಮೀರಿದ್ದರೆ ಹಿಂದಿನ ಎರಡೂ ಪತ್ರಗಳ ದಿನಾಂಕಗಳನ್ನು ನಮೂದಿಸಿ, ‘ವಿ ನೌ ರಿಕ್ವೈರ್ ಡೆಲಿವರಿ ಬೈ’ ಎಂದು ಬರೆದು ಒಂದು ನಿಶ್ಚಿತ ದಿನವನ್ನು ಕೊಡಿ. ‘ರಿಕ್ವೈರ್’ ಎಂಬುದು ಕೋರಿಕೆಗಿಂತ ಬಿಗಿ, ಒತ್ತಾಯಕ್ಕಿಂತ ಸೌಮ್ಯ. ಮುಂಗಡವನ್ನು ಹಿಂದಕ್ಕೆ ಪಡೆಯಲು ಆಡಳಿತ ಮಂಡಳಿ ತೀರ್ಮಾನಿಸಿದ ಮೇಲೆ ‘ಡಿಮ್ಯಾಂಡ್’ ಎಂಬ ಪದ ಬರಲಿ, ಮತ್ತು ಆ ಪತ್ರ ವಕೀಲರ ಮೂಲಕವೇ ಹೋಗಲಿ.