ಕಮಾಂಡ್ ಲೈನ್‌ನಿಂದ ನೆಟ್‌ವರ್ಕ್ ಪ್ರಿಂಟರ್‌ಗೆ ಫೈಲ್ ಕಳುಹಿಸುವ ಬಗ್ಗೆ ಅನುಭವ ಹಂಚಿಕೊಳ್ಳಿ

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘದ ಉಬುಂಟು ಸರ್ವರ್‌ಗೆ ಮಾನಿಟರ್ ಇಲ್ಲ, ಎಲ್ಲ ಕೆಲಸವೂ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಸುರಕ್ಷಿತವಾಗಿ ಸಂಪರ್ಕಿಸಿ ಆದೇಶ ಕೊಡುವ ವಿಧಾನ) ಮೂಲಕವೇ ನಡೆಯುತ್ತದೆ. ದಿನದ ವಹಿವಾಟಿನ ಪಟ್ಟಿಯನ್ನು ಪ್ರತಿ ಸಂಜೆ 6 ಗಂಟೆಗೆ ಕಚೇರಿಯ ನೆಟ್‌ವರ್ಕ್ ಪ್ರಿಂಟರ್‌ನಲ್ಲಿ ತಾನಾಗಿಯೇ ಮುದ್ರಿಸಬೇಕಾಗಿದೆ. ಸದಸ್ಯರ ಹೆಸರುಗಳು ಕನ್ನಡದಲ್ಲಿವೆ. ಇಂಥ ವ್ಯವಸ್ಥೆ ಮಾಡಿದವರು ದಯವಿಟ್ಟು ದಾರಿ ತಿಳಿಸಬೇಕು.

ಉತ್ತರ 1: ಮೊದಲು ಪ್ರಿಂಟರ್‌ಗೆ ವಿಳಾಸವೊಂದನ್ನು ಖಾಯಂ ಮಾಡಿಸಿ. ರೂಟರ್ ಪ್ರತಿ ಸಲ ಹೊಸ ಐಪಿ ಕೊಡುತ್ತಿದ್ದರೆ, ಮುಂದೆ ಎಷ್ಟೇ ಚೆನ್ನಾಗಿ ಹೊಂದಿಸಿದರೂ ಒಂದು ದಿನ ಮುದ್ರಣ ನಿಲ್ಲುತ್ತದೆ. ಆಮೇಲೆ ಲಿನಕ್ಸ್‌ನಲ್ಲಿ ಮುದ್ರಣವನ್ನು ನೋಡಿಕೊಳ್ಳುವ ಕಪ್ಸ್ (CUPS) ವ್ಯವಸ್ಥೆಯಲ್ಲಿ 'ಎಲ್‌ಪಿಅಡ್ಮಿನ್' ಆದೇಶದಿಂದ ಆ ಪ್ರಿಂಟರ್‌ಗೆ ಒಂದು ಹೆಸರು ಕೊಟ್ಟು, ಐಪಿಪಿ (ನೆಟ್‌ವರ್ಕ್ ಮೂಲಕ ಮುದ್ರಿಸುವ ಪ್ರೋಟೋಕಾಲ್) ವಿಳಾಸವನ್ನು ಸೂಚಿಸಿ, ಮಾದರಿಯ ಜಾಗದಲ್ಲಿ 'ಎವ್ರಿವೇರ್' ಎಂದು ಬರೆಯಿರಿ. ಆಗ ಕಾಗದದ ಅಳತೆ, ಎರಡು ಬದಿಯ ಮುದ್ರಣ ಮುಂತಾದ ಸೌಲಭ್ಯಗಳನ್ನು ಕಪ್ಸ್ ಪ್ರಿಂಟರ್‌ನಿಂದಲೇ ಕೇಳಿ ತಿಳಿದುಕೊಳ್ಳುವುದರಿಂದ, ಈಚಿನ ಹೆಚ್ಚಿನ ಯಂತ್ರಗಳಿಗೆ ಬೇರೆ ಡ್ರೈವರ್ ಹುಡುಕುವ ಅಗತ್ಯ ಬೀಳುವುದಿಲ್ಲ. ಐಪಿಪಿ ಬಳಸುವುದು 631ನೇ ಪೋರ್ಟ್. ನಡುವೆ ಫೈರ್‌ವಾಲ್ ಇದ್ದರೆ ಅದರಲ್ಲಿ ಈ ಪೋರ್ಟನ್ನು ತೆರೆಯಿಸಿ. ಇಷ್ಟಾದ ಮೇಲೆ ಮುದ್ರಣಕ್ಕೆ ಕಳುಹಿಸುವ 'ಎಲ್‌ಪಿ' ಆದೇಶಕ್ಕೆ '-ಡಿ' (ಸಣ್ಣಕ್ಷರದ d) ಜೊತೆ ಪ್ರಿಂಟರ್ ಹೆಸರನ್ನೂ ಕೊನೆಗೆ ಫೈಲ್ ಹೆಸರನ್ನೂ ಕೊಟ್ಟರೆ ಸಾಕು.

ನೆಟ್‌ವರ್ಕ್‌ನಲ್ಲಿ ಮಾಹಿತಿಯನ್ನು ಹಾಗೆಯೇ ಸಾಗಿಸುವ ನೆಟ್‌ಕ್ಯಾಟ್ ಸಾಧನ ಬಳಸಿ ಫೈಲನ್ನು ನೇರವಾಗಿ 9100ನೇ ಪೋರ್ಟಿಗೆ ಸುರಿಯುವ ಸಲಹೆಯನ್ನು ಹಲವರು ಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಪ್ರಿಂಟರ್‌ಗೆ ಅರ್ಥವಾಗುವ ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ಭಾಷೆಗಳ ರೂಪದಲ್ಲಿ ಫೈಲ್ ಇಲ್ಲದಿದ್ದರೆ ಹಾಳೆಯ ಮೇಲೆ ಹಾಳೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಪ್ರಿಂಟರ್ ಆರಿದ್ದರೆ ಫೈಲನ್ನು ಕಾಯ್ದಿಟ್ಟುಕೊಳ್ಳುವ ಸರದಿಯೂ ಅಲ್ಲಿಲ್ಲ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೆ ನಿಮ್ಮ ನಿಜವಾದ ತೊಡಕು ಕನ್ನಡ ಹೆಸರುಗಳಲ್ಲಿದೆ. ಸಾದಾ ಟೆಕ್ಸ್ಟ್ ಫೈಲನ್ನು ಹಾಗೆಯೇ ಕಳುಹಿಸಿದರೆ ಅದನ್ನು ಪಿಡಿಎಫ್ ಮಾಡುವ ಒಳಗಿನ ಸಾಧನವು ಒಂದೊಂದೇ ಅಕ್ಷರವನ್ನು ಸಮಾನ ಅಗಲದಲ್ಲಿ ಜೋಡಿಸುತ್ತದೆಯೇ ಹೊರತು ಒತ್ತಕ್ಷರಗಳನ್ನು ಕೂಡಿಸುವುದಿಲ್ಲ. 'ಲಕ್ಷ್ಮಮ್ಮ' ಎಂಬ ಹೆಸರು ಸರಿಯಾಗಿ ಮೂಡುವುದು ಕಷ್ಟ. ಆದ್ದರಿಂದ ಸರ್ವರ್‌ನಲ್ಲೇ ಲಿಬ್ರೆಆಫೀಸನ್ನು 'ಹೆಡ್‌ಲೆಸ್' (ಪರದೆ ಬೇಡದ) ಆಯ್ಕೆಯೊಂದಿಗೆ ಓಡಿಸಿ, ಪಟ್ಟಿಯನ್ನು ಮೊದಲು ಪಿಡಿಎಫ್ ಮಾಡಿಕೊಂಡು, ಆ ಪಿಡಿಎಫನ್ನೇ ಮುದ್ರಣಕ್ಕೆ ಕಳುಹಿಸಿ.

ಇದಕ್ಕೆ ಸರ್ವರ್‌ನಲ್ಲಿ ಕನ್ನಡ ಫಾಂಟ್ ಇರಲೇಬೇಕು. ಡೆಸ್ಕ್‌ಟಾಪ್ ಇಲ್ಲದೆ ಸ್ಥಾಪಿಸಿದ ಸರ್ವರ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ನೋಟೋ ಅಥವಾ ಲೋಹಿತ್ ಕನ್ನಡವನ್ನು ಹಾಕಿಕೊಳ್ಳಿ. ಸಿದ್ಧವಾದ ಪಿಡಿಎಫನ್ನು 'ಪಿಡಿಎಫ್‌ಫಾಂಟ್ಸ್' ಆದೇಶಕ್ಕೆ ಕೊಟ್ಟರೆ ಫಾಂಟ್ ಅದರೊಳಗೆ ಅಡಕವಾಗಿದೆಯೇ ಎಂಬುದು ತಿಳಿಯುತ್ತದೆ. ಹಳೆಯ ತಂತ್ರಾಂಶದಲ್ಲಿ ಹೆಸರುಗಳನ್ನು ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ನಮೂದಿಸಿದ್ದರೆ, ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಮೇಲಿನ ಯಾವ ಕ್ರಮವೂ ಫಲ ಕೊಡದು. ಒಮ್ಮೆ ಕುಳಿತು ಸದಸ್ಯರ ಪಟ್ಟಿಯನ್ನೆಲ್ಲ ಪರಿವರ್ತಿಸಿ, ಹೆಸರುಗಳನ್ನು ಕಣ್ಣಾರೆ ನೋಡಿ ತಿದ್ದಿಬಿಡಿ. ಸದಸ್ಯರ ಹೆಸರು ಅವರು ಬರೆಯುವ ಹಾಗೆಯೇ ಕಾಗದದ ಮೇಲೆ ಬರಬೇಕು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಸಂಜೆಯ ಹೊತ್ತಿಗಾಗಿ 'ಎಲ್‌ಪಿ' ಆದೇಶದಲ್ಲಿಯೇ ಇರುವ, ಹೇಳಿದ ಸಮಯದವರೆಗೆ ಮುದ್ರಣವನ್ನು ತಡೆಹಿಡಿಯುವ ಆಯ್ಕೆಯನ್ನು ಬಳಸಬಹುದೇ?

ಉತ್ತರ 3: ಬಳಸಬಹುದು, ಆದರೆ '-ಎಚ್' (ದೊಡ್ಡಕ್ಷರದ H) ಆಯ್ಕೆಗೆ ಕೊಡುವ ಸಮಯವನ್ನು ಕಪ್ಸ್ ಯುಟಿಸಿ (ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದು ಓದುತ್ತದೆ. ನಮ್ಮ ಸಂಜೆ 6 ಗಂಟೆಗೆ ಮುದ್ರಣವಾಗಬೇಕಾದರೆ ನೀವು 12:30 ಎಂದು ಬರೆಯಬೇಕು. ದಿನವೂ ನಡೆಯುವ ಕೆಲಸಕ್ಕೆ, ನಿಗದಿತ ಸಮಯಕ್ಕೆ ಆದೇಶಗಳನ್ನು ತಾನಾಗಿ ಓಡಿಸುವ ಕ್ರಾನ್ ಮೇಲು: ಪಿಡಿಎಫ್ ಮಾಡುವುದನ್ನೂ ಮುದ್ರಣವನ್ನೂ ಒಂದೇ ಸ್ಕ್ರಿಪ್ಟಿನಲ್ಲಿಡಿ, ಅದರಲ್ಲಿ ಪ್ರಿಂಟರ್ ಹೆಸರನ್ನು ತಪ್ಪದೆ ಬರೆಯಿರಿ, ಮತ್ತು ಸರ್ವರ್‌ನ ಕಾಲವಲಯ ಭಾರತದ್ದೇ ಎಂದು ಖಚಿತಪಡಿಸಿಕೊಳ್ಳಿ.

ಪ್ರಿಂಟರ್ ಸಿಗದಿದ್ದಾಗ ಕಪ್ಸ್ ಇಡೀ ಸರದಿಯನ್ನೇ ನಿಲ್ಲಿಸಿಬಿಡುವುದುಂಟು. ಆಗ ಯಂತ್ರವನ್ನು ಮತ್ತೆ ಹಚ್ಚಿದರೂ ಏನೂ ಬರುವುದಿಲ್ಲ. 'ಕಪ್ಸ್‌ಎನೇಬಲ್' ಆದೇಶ ಕೊಟ್ಟಾಗಲೇ ಸರದಿ ಮುಂದುವರಿಯುತ್ತದೆ. ದೋಷ ಬಂದಾಗ ಏನು ಮಾಡಬೇಕೆಂದು ತಿಳಿಸುವ ದೋಷನೀತಿಯನ್ನು 'ರಿಟ್ರೈ-ಜಾಬ್' (ಮತ್ತೆ ಪ್ರಯತ್ನಿಸು) ಎಂದು ಬದಲಿಸಿದರೆ ಈ ತೊಂದರೆ ತಪ್ಪುತ್ತದೆ. 'ಎಲ್‌ಪಿ' ತೋರಿಸುವ ಕೋರಿಕೆ ಸಂಖ್ಯೆಯ ಅರ್ಥ ಫೈಲ್ ಸರದಿಗೆ ಸೇರಿತು ಎಂದಷ್ಟೇ, ಹಾಳೆ ಹೊರಬಂತು ಎಂದಲ್ಲ. ಲೆಕ್ಕಪತ್ರದ ವಿಷಯವಾದ್ದರಿಂದ, ಕಚೇರಿ ಮುಚ್ಚುವ ಮುನ್ನ ಸರದಿಯಲ್ಲಿರುವ ಕೆಲಸಗಳನ್ನು ತೋರಿಸುವ 'ಎಲ್‌ಪಿಸ್ಟ್ಯಾಟ್ -ಓ' ಓಡಿಸಿ, ಬಾಕಿ ಕೆಲಸ ಯಾವುದಾದರೂ ಉಳಿದಿದ್ದರೆ ಕಾರ್ಯದರ್ಶಿಯವರಿಗೆ ಮಿಂಚಂಚೆ ಹೋಗುವಂತೆ ಅದೇ ಸ್ಕ್ರಿಪ್ಟಿಗೆ ಸೇರಿಸಿಕೊಳ್ಳಿ.