ಬದುಕಿರುವವರು ಮತ್ತು ಬದುಕುವುದು ಗೊತ್ತಿರುವವರು

ಸ್ಪ್ಯಾನಿಷ್ ಕಲಿಯಲು ತೊಡಗಿದ ಮೇಲೆ ಶ್ರೀಪತಿಯ ಕಣ್ಣಿಗೆ ಮನುಷ್ಯರು ಕಾಣುವುದು ನಿಂತು, ಬರೀ ಗುಣವಾಚಕಗಳು ಕಾಣತೊಡಗಿದ್ದವು. ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಬೋಂಡಾವನ್ನು ಗುಂಡಣ್ಣ ಮಾತಿನ ನಡುವೆಯೇ ಬಾಯಿಗೆ ಸೇರಿಸಿದಾಗ, "ಕೆ ವಿವೊ!" ಎಂದು ಅವನು ಉದ್ಗರಿಸಿದ.

"ಫೋನು ನನ್ನದಲ್ಲ, ಮಗಳದು" ಎಂದ ಗುಂಡಣ್ಣ.

"ಫೋನಲ್ಲ ಗುಂಡಣ್ಣ, ನಿಮ್ಮ ಸ್ವಭಾವ. ಸ್ಪ್ಯಾನಿಷ್‌ನಲ್ಲಿ 'ಇರು' ಎನ್ನಲು ಸೆರ್, ಎಸ್ತಾರ್ ಎಂಬ ಎರಡು ಕ್ರಿಯಾಪದಗಳಿವೆ. ಎಸ್ತಾರ್ ಜೊತೆ ಬಂದರೆ ವಿವೊ ಎಂದರೆ ಜೀವಂತ. ಸೆರ್ ಜೊತೆ ಬಂದರೆ ಚಾಲಾಕಿ, ಪಾಕಡಾ ಆಸಾಮಿ."

"ಅಂದರೆ ನಾನು ಜೀವಂತವಾಗಿರುವುದು ಬೇರೆ ಲೆಕ್ಕ, ಬೋಂಡಾ ತಿಂದದ್ದು ಬೇರೆ ಲೆಕ್ಕ."

"ಇದಕ್ಕೆ ಸ್ಪೇನಿನವರೆಗೆ ಹೋಗಬೇಕಾಗಿತ್ತೇ?" ಎಂದರು ರಾಯರು. "ಅವನು ಬದುಕುವುದು ಗೊತ್ತಿರುವವನು ಎಂದು ನಮ್ಮ ಬೀದಿಯಲ್ಲಿ ಯಾರನ್ನು ಕುರಿತು ಹೇಳುತ್ತಾರೆಂದು ನಿನಗೆ ಗೊತ್ತಿಲ್ಲವೇ? ಉಸಿರಾಡುವ ಎಲ್ಲರನ್ನೂ ಕುರಿತು ಹಾಗೆ ಹೇಳುವುದಿಲ್ಲವಲ್ಲ."

ಶ್ರೀಪತಿ ಸೋಲಲಿಲ್ಲ. ಅರ್ಜೆಂಟೀನಾದಲ್ಲಿ ಈ ಗುಣಕ್ಕೆ 'ವಿವೇಸಾ ಕ್ರಿಯೋಯಾ', ಅಂದರೆ ನೆಲದ ಮಕ್ಕಳ ಚಾಲಾಕಿತನ ಎಂಬ ಹೆಸರೇ ಇದೆಯೆಂದೂ, ಅಲ್ಲಿನವರು ಅದನ್ನು ಒಂದೇ ಉಸಿರಿನಲ್ಲಿ ಹೊಗಳುತ್ತಾರೆ, ತೆಗಳುತ್ತಾರೆ ಎಂದೂ, ಅಲ್ಲಿನ 40 ಎಲೆಗಳ ಟ್ರೂಕೊ ಎಂಬ ಇಸ್ಪೀಟಾಟದಲ್ಲಿ ಸುಳ್ಳು ಹೇಳುವುದು ತಪ್ಪಲ್ಲವೆಂದೂ ವಿವರಿಸಿದ. ಕತ್ತಿಯ ಎಕ್ಕ ಕೈಯಲ್ಲಿದ್ದರೆ ಜೊತೆಯಾಟಗಾರನಿಗೆ ಹುಬ್ಬೇರಿಸಿ ತಿಳಿಸಬೇಕು. ದೊಣ್ಣೆಯ ಎಕ್ಕವಾದರೆ ಕಣ್ಣು ಹೊಡೆಯಬೇಕು.

"ನಮ್ಮ ಮನೆಯಲ್ಲಿ ಅದನ್ನು ಕಳ್ಳಾಟವೆಂದು ಕರೆದು, ಎಲೆ ಕಿತ್ತುಕೊಂಡು ಎಬ್ಬಿಸುತ್ತಿದ್ದರು" ಎಂದರು ಮೀನಾಕ್ಷಮ್ಮ.

"ಅದೇ ನೋಡಿ ನನಗಾಗದ ವಿಷಯ" ಎಂದರು ರಾಯರು. "ನಮ್ಮವನು ಸಾಲು ಮುರಿದು ಮುಂದೆ ನುಗ್ಗಿದರೆ ಅಯೋಗ್ಯ, ಅದೇ ಚಾಳಿಗೆ ಪರದೇಶದ ಹೆಸರೊಂದು ಸಿಕ್ಕಿತೆಂದರೆ ಅದು ಸಂಸ್ಕೃತಿ."

"ಮರಡೋನಾ ಮಾಡಿದ್ದೂ ಅಯೋಗ್ಯತನವೇ ರಾಯರೇ?" ಶ್ರೀಪತಿ ಕೊನೆಯ ಎಲೆ ಇಳಿಸಿದ. 1986ರ ಜೂನ್ 22ರಂದು, ಮೆಕ್ಸಿಕೊದ ಅಸ್ತೇಕಾ ಕ್ರೀಡಾಂಗಣದಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲ್ ಪಂದ್ಯದಲ್ಲಿ, 4 ವರ್ಷಗಳ ಹಿಂದಷ್ಟೇ ಯುದ್ಧದಲ್ಲಿ ಅರ್ಜೆಂಟೀನಾವನ್ನು ಸೋಲಿಸಿದ್ದ ಇಂಗ್ಲೆಂಡಿನ ಎದುರು, ಗೋಲ್‌ಕೀಪರ್ ಶಿಲ್ಟನ್‌ಗಿಂತ ಮೇಲೆ ಜಿಗಿದು ಎಡಗೈ ಮುಷ್ಟಿಯಿಂದ ಚೆಂಡನ್ನು ಒಳಗೆ ತಳ್ಳಿ, ಅದರಲ್ಲಿ ದೇವರ ಕೈಯೂ ಸ್ವಲ್ಪ ಇತ್ತೆಂದು ಆಮೇಲೆ ಹೇಳಿದವನು ವಿವೊ ಅಲ್ಲದೆ ಇನ್ನೇನು?

"ಅದಾದ 4 ನಿಮಿಷಕ್ಕೆ ಅದೇ ಮನುಷ್ಯ ತನ್ನ ಅಂಗಳದಿಂದ ಚೆಂಡು ಹಿಡಿದು, ಎದುರಾದವರನ್ನೆಲ್ಲ ದಾಟಿ ಇನ್ನೊಂದು ಗೋಲು ಹೊಡೆದನಲ್ಲ, ಅದನ್ನು ಏಕೆ ಬಿಟ್ಟೆ? ಕೈಯಲ್ಲಿ ಹೊಡೆದದ್ದಕ್ಕೆ ದೇವರ ಹೆಸರು; ಕಾಲಿನಲ್ಲಿ ಹೊಡೆದದ್ದಕ್ಕೆ, ಪಾಪ, ಬರೀ ಸ್ವಂತ ದುಡಿಮೆ."

ಶ್ರೀಪತಿ ತಡೆಯಲಾರದೆ ನಕ್ಕ. "ಅಲ್ಲಿನ ಗಾದೆಯೂ ಅದನ್ನೇ ಹೇಳುತ್ತದೆ ರಾಯರೇ. ವಿವೊ ಆದವನು ಪೆದ್ದನಿಂದ ಬದುಕುತ್ತಾನೆ, ಪೆದ್ದ ತನ್ನ ದುಡಿಮೆಯಿಂದ ಬದುಕುತ್ತಾನೆ."

ಗುಂಡಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಮೀನಾಕ್ಷಮ್ಮ ಮಾತ್ರ ಅರ್ಧಕ್ಕೇ ನಿಲ್ಲಿಸಿದರು.

"ನಮ್ಮಪ್ಪ ಜಮೀನಿನ ಪತ್ರಗಳಿಗೆ ಸೀಲು ಒತ್ತುವ ಗುಮಾಸ್ತರು. ಮೇಜಿನ ಮೇಲೆ ಯಾರಾದರೂ ಲಕೋಟೆ ಮರೆತು ಹೋದರೆ, ಬಿಸಿಲಿನಲ್ಲಿ ಬಸ್ ನಿಲ್ದಾಣದವರೆಗೂ ಓಡಿ ಅದನ್ನು ಹಿಂದಿರುಗಿಸಿ ಬರುತ್ತಿದ್ದರು. ಅದು ಮರೆತದ್ದಲ್ಲವೆಂದು ಕೊನೆಯವರೆಗೂ ಅವರಿಗೆ ಹೊಳೆಯಲಿಲ್ಲವೋ, ಹೊಳೆದೂ ಓಡುತ್ತಿದ್ದರೋ, ನಮಗಂತೂ ತಿಳಿಯಲಿಲ್ಲ. ಬದುಕುವುದು ಗೊತ್ತಿಲ್ಲದ ಮನುಷ್ಯ ಎಂದು ಅಮ್ಮ ಬೈಯುತ್ತಲೇ ಅವರ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಈಗ ನಿನ್ನ ಲೆಕ್ಕದಲ್ಲಿ ಅವರು ಎರಡೂ ಬಗೆಯಲ್ಲಿ ವಿವೊ ಅಲ್ಲ, ಶ್ರೀಪತಿ."

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಶ್ರೀಪತಿ, ಫೋನನ್ನು ನೋಡದೆಯೇ, "ಅಂಥವರಿಗೆ ಬ್ವೇನೊ ಎನ್ನುತ್ತಾರೆ ಅಮ್ಮ. ಒಳ್ಳೆಯವರು ಎಂದರ್ಥ" ಎಂದ.

"ಸೆರ್ ಹಾಕಿಯೇ ಹೇಳು ಮಾರಾಯ" ಎಂದರು ರಾಯರು. "ಎಸ್ತಾರ್ ಹಾಕಿದೆಯೋ, ಮಾತು ಮೈಕಟ್ಟಿನ ಕಡೆಗೆ ಹೋಗುತ್ತದೆ. ಅವರು ಗುಮಾಸ್ತರು."